ಕೊರೆಯದ ಎರಡಕ್ಷರ

ನಮ್ಮ ಮನೆಯ ಸೂರಿನಲ್ಲಿ ದನಗಳಿದ್ದವು. ಕೆಂಪು ದನಗಳು. ಅವುಗಳ ಹಿಂದೆ ಕಡ್ಡಿಕಾಲಿನ ಜನ ಓಡುತ್ತಿದ್ದರು. ಒಂದು ಮೂಲೆಯಲ್ಲಿ ಬರೀ ಒಂದು ಕೈ, ಐದೂ ಬೆರಳು ಅಗಲಿಸಿ ಬಂಡೆಗೆ ಒತ್ತಿದ್ದು. ಯಾರು ಬರೆದರು, ಯಾವಾಗ ಬರೆದರು ಎಂದು ನಾವು ಕೇಳಿಕೊಂಡಿರಲಿಲ್ಲ. ನಮಗಿಂತ ಮೊದಲೇ ಇದ್ದವರು, ಅಷ್ಟೇ. ಅದಕ್ಕೇ ಅಮ್ಮ ಅವರನ್ನು ಮಾಲೀಕರು ಎನ್ನುತ್ತಿದ್ದಳು.

ನಾನು ಜೋರಾಗಿ ಮಾತಾಡಿದರೆ, "ಮೆಲ್ಲಗೆ ಕಣೇ, ಮಾಲೀಕರು ಮಲಗಿದ್ದಾರೆ" ಅನ್ನುವಳು. ಒಲೆ ಹೊಗೆಯಾಡಿದರೆ, "ಊದು ಊದು, ಮಾಲೀಕರಿಗೆ ಕೆಮ್ಮು ಬರುತ್ತೆ" ಅನ್ನುವಳು. ಮಾವ ಕುಡಿದು ಬಂದ ದಿನ ಮೇಲೆ ನೋಡಿ ಕೈಮುಗಿದು, "ಬಾಡಿಗೆ ಮುಂದಿನ ತಿಂಗಳು ಕೊಡ್ತೀವಿ ಸ್ವಾಮಿ, ಈ ತಿಂಗಳು ಸ್ವಲ್ಪ ಕಷ್ಟ" ಅನ್ನುತ್ತಿದ್ದ. ಮಾವ ಅಂದರೆ ಅಮ್ಮನ ತಮ್ಮ. ಮನೆಯಲ್ಲಿ ನಾವು ಮೂವರೇ. ಅಪ್ಪ ಕಲ್ಲುಪುಡಿ ಉಸಿರಾಡಿ ಉಸಿರಾಡಿ ಎದೆಯೇ ಕಲ್ಲಾಗಿ ಸತ್ತಿದ್ದ.

ಮನೆ ಅಂದೆನಲ್ಲ, ಅದು ಬಂಡೆ. ಗುಡ್ಡದ ಸೊಂಟದಲ್ಲಿ ಒಂದು ದೊಡ್ಡ ಬಂಡೆ ಟೋಪಿಯ ಅಂಚಿನ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ಒಂದು ಸಂಸಾರ ಕಾಲು ಚಾಚಿ ಮಲಗುವಷ್ಟು ಜಾಗ. ಅಮ್ಮ ಅಪ್ಪ ಕ್ವಾರಿ ಕೆಲಸಕ್ಕೆ ಬಂದಾಗ ಇರೋದು ಎಲ್ಲಿ ಎಂದು ಕೇಳಿದ್ದಕ್ಕೆ ಕಂಟ್ರಾಕ್ಟರು ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿದ್ದನಂತೆ. "ಅಷ್ಟೊಂದು ಬಂಡೆ ಬಿದ್ದಿವೆಯಲ್ಲ, ಯಾವುದರ ಕೆಳಗಾದ್ರೂ ತೂರ್ಕೊಳ್ಳಿ." ಅಮ್ಮ ಗುಡ್ಡವೆಲ್ಲ ಸುತ್ತಿದಳು. ಹೊಟ್ಟೆಯಲ್ಲಿ ನಾನಿದ್ದೆ. ಒಂದು ಬಂಡೆಯ ಕೆಳಗೆ ಒರತೆ, ಸದಾ ಥಂಡಿ. ಇನ್ನೊಂದರ ಒಳಗೆ ಕತ್ತಲು, ಬಾವಲಿ ನಾತ. ಈ ಬಂಡೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಗಾಳಿ ಬಂಡೆಯ ಬೆನ್ನ ಹಿಂದಿನಿಂದಲೇ ಹೋಗುತ್ತಿತ್ತು. ಕೂತಲ್ಲಿಂದಲೇ ಹಳ್ಳದ ನೀರು ಕಾಣುತ್ತಿತ್ತು. ಇದೇ ಆಗಲಿ ಎಂದು ತಲೆಯ ಮೇಲಿನ ಗಂಟು ಇಳಿಸಿದಳು. ಅಪ್ಪ ಮುಂದುಗಡೆ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದ. ತಗಡಿನ ಬಾಗಿಲು ನಿಲ್ಲಿಸಿದ. ನಾನು ಹುಟ್ಟಿದ್ದು ಅಲ್ಲೇ. ಕಣ್ಣುಬಿಟ್ಟು ಮೊದಲು ನೋಡಿದ್ದು ಆ ದನಗಳನ್ನೇ ಇರಬೇಕು.

ಮಾವ ಬಂಡೆ ಸೀಳುವವನು. ಅಪ್ಪ ಅಕ್ಷರ ಕೊರೆಯುತ್ತಿದ್ದ. ಗೋರಿಕಲ್ಲು, ಅಡಿಗಲ್ಲು, ಸೇತುವೆಯ ಕಲ್ಲು, ಯಾವುದಾದರೂ ಸರಿ. ಅವನು ಹೋದ ಮೇಲೆ ಉಳಿ ನನ್ನ ಕೈಗೆ ಬಂತು. ನನಗೆ ಊರಲ್ಲಿ ಇರುವ ಹೆಸರು ಚಟಪಟ. ಉಳಿಯ ಸದ್ದಿಗೆ ಬಂದ ಹೆಸರು ಎಂದು ನಾನು ಹೇಳುತ್ತೇನೆ, ಬಾಯಿಗೆ ಬಂದದ್ದು ಎಂದು ಮಾವ ಹೇಳುತ್ತಾನೆ.

ಕಲ್ಲಿನ ಮೇಲೆ ತಪ್ಪು ಕೊರೆದರೆ ಅಳಿಸಲು ಬರುವುದಿಲ್ಲ. ಅದಕ್ಕೆ ಅಪ್ಪ ಒಂದು ರೀತಿ ಇಟ್ಟುಕೊಂಡಿದ್ದ. ಕೊರೆಸುವವರು ಎದುರಿಗೆ ನಿಂತು ಪ್ರತಿ ಪದವನ್ನೂ ಬಾಯಿಬಿಟ್ಟು ಹೇಳಬೇಕು. ಕಾಗದ ಕೊಟ್ಟು ಹೋಗುವ ಹಾಗಿಲ್ಲ. ಗೋರಿಕಲ್ಲಿಗೆ ಬಂದವರು ಸತ್ತವರ ಹೆಸರು ಹೇಳಲಾರದೆ ನಿಂತುಬಿಡುತ್ತಿದ್ದರು. ಅಪ್ಪ ಉಳಿ ಹಿಡಿದು ಕಾಯುತ್ತಿದ್ದ. ಅವರು ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೆಸರು ಹೇಳಿದ ಮೇಲೇ ಮೊದಲ ಏಟು. ಹೇಳದ್ದನ್ನು ಕೊರೆಯುವುದಿಲ್ಲ. ಹೇಳಿದ್ದನ್ನು ಕೊರೆಯದೆ ಬಿಡುವುದಿಲ್ಲ. ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಇಷ್ಟೇ, ಈ ಎರಡು ಮಾತು ಮತ್ತು ಆರು ಉಳಿ.

ಕೊರೆದ ಅಕ್ಷರದ ಒಳಗೆ ಮರಳು ನೀರು ಹಾಕಿ ಉಜ್ಜಿ ನುಣುಪು ಮಾಡುವುದು ಅಮ್ಮನ ಕೆಲಸ. ಬಟ್ಟೆ ಸುತ್ತಿದರೆ ಮೂಲೆ ಸಿಗುವುದಿಲ್ಲ, ಬರಿಬೆರಳೇ ಬೇಕು. ಅಮ್ಮನಿಗೆ ಓದು ಬರುವುದಿಲ್ಲ. ಆದರೆ ಉಜ್ಜಿ ಉಜ್ಜಿ ಅವಳ ಬೆರಳಿಗೆ ಅಕ್ಷರ ಬಂದಿದೆ. ಕಲ್ಲಿನ ಮೇಲೆ ತೋರುಬೆರಳು ಓಡಿಸಿ ಇದು ರ, ಇದು ದ ಎನ್ನುತ್ತಾಳೆ. ಅದೇ ಅಕ್ಷರ ಕಾಗದದ ಮೇಲೆ ತೋರಿಸಿದರೆ, "ಇದು ಇರುವೆ ಹರಿದಾಡಿದ ಹಾಗಿದೆ, ನನಗೆ ಗೊತ್ತಿಲ್ಲಪ್ಪ" ಎನ್ನುತ್ತಾಳೆ.

ಕನ್ನಡಕದ ಸಾಹೇಬರು ಬಂದದ್ದು ಒಂದು ಬೆಳಿಗ್ಗೆ. ಹಳೆ ಕಾಲದ ಗುರುತು ಹುಡುಕುವ ಇಲಾಖೆಯವರು. ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಕೇಳಿದರು. ಹಾಗೆ ಕೇಳಿದ ಮೊದಲ ದೊಡ್ಡ ಮನುಷ್ಯ ಅವರೇ. ಒಳಗೆ ಬಂದವರು ಟಾರ್ಚು ಮೇಲಕ್ಕೆ ಹಿಡಿದರು. ಹಿಡಿದವರು ಹಾಗೇ ಅಮ್ಮನ ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟರು. ಟಾರ್ಚಿನ ಬೆಳಕು ದನದಿಂದ ದನಕ್ಕೆ ಓಡಾಡಿತು. ಅಮ್ಮ ಗಾಬರಿಯಾಗಿ ನೀರು ತಂದಳು.

ನಾನು ಬಿಡಲಿಲ್ಲ. ಒಂದರ ಹಿಂದೆ ಒಂದು ಕೇಳಿದೆ. ಅವರಿಗೂ ಹೇಳುವ ಹುಮ್ಮಸ್ಸು.

"ಗುಹೆ ಒಳಗೆ ಕತ್ತಲಲ್ಲಿ ಇರ್ತಿದ್ರು ಅಂತ ಜನ ಅಂದ್ಕೊಂಡಿದ್ದಾರೆ. ಅಲ್ಲಮ್ಮ, ಬಾಯಲ್ಲೇ ಇರ್ತಿದ್ರು. ಇಂಥ ಚಾಚಿದ ಬಂಡೆ ಕೆಳಗೆ. ಬಿಸಿಲು ಬರಬೇಕು, ಗಾಳಿ ಹೊಡೀಬಾರದು, ನೀರು ಹತ್ರ ಇರಬೇಕು, ಯಾರು ಬರ್ತಿದ್ದಾರೆ ಅಂತ ಕೂತಲ್ಲೇ ಕಾಣಬೇಕು."

"ಒಳಗೆ ಬಾವಲಿ ನಾತ ಸಾರ್," ಎಂದಳು ಅಮ್ಮ. "ಯಾರಿರ್ತಾರೆ."

"ಬಂಡೆ ಇಲ್ಲದ ಕಡೆ ಏನ್ ಮಾಡ್ತಿದ್ರು?" ಎಂದೆ.

"ಕೊಂಬೆ ನೆಟ್ಟು ಚರ್ಮ ಹೊದಿಸೋರು. ಮರವೇ ಇಲ್ಲದ ಚಳಿ ದೇಶದಲ್ಲಿ ದೊಡ್ಡ ದೊಡ್ಡ ಪ್ರಾಣಿಗಳ ಮೂಳೆ ಪೇರಿಸಿ ಗುಡಿಸಲು ಮಾಡಿದ್ದೂ ಉಂಟು."

"ಮೂಳೆ ಗುಡಿಸಲಾ?"

"ಹೂಂ. ಎಲ್ಲಿ ಏನು ಸಿಗುತ್ತೋ ಅದರಲ್ಲಿ. ಮನುಷ್ಯ ಅಂದ್ರೆ ಹಾಗೇ, ತಲೆ ಮೇಲೆ ಏನಾದ್ರೂ ಬೇಕು ಅವನಿಗೆ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ಅವರ ಮನೆ ಕಣಮ್ಮ. ಇಷ್ಟು ಸಾವಿರ ವರ್ಷ ಆದ್ಮೇಲೂ ಅವರ ಮನೆ."

ಅಮ್ಮ ನನ್ನ ಕಡೆ ತಿರುಗಿ, "ನೋಡಿದ್ಯಾ, ನಾನು ಮಾಲೀಕರು ಅಂದಿದ್ದು ಸುಳ್ಳಲ್ಲ" ಎಂದಳು. ಎಲ್ಲರೂ ನಕ್ಕೆವು. ಸಾಹೇಬರೂ ನಕ್ಕರು. ಆ ದಿನ ಉಳಿ ಹಿಡಿದರೂ ನನ್ನ ತಲೆಯಲ್ಲಿ ಬರೀ ಮೂಳೆ ಗುಡಿಸಲು. ನನ್ನ ಹಾಗೇ ಯಾವಳೋ ಒಬ್ಬ ಹುಡುಗಿ ಇದೇ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದಳು ಎಂದು ಮೈ ಜುಮ್ಮೆನ್ನುತ್ತಿತ್ತು. ಆ ಖುಷಿ ಈಗಲೂ ಹೋಗಿಲ್ಲ. ಆ ನಗು ನೆನೆದಾಗ ಮಾತ್ರ ಮೈ ಉರಿಯುತ್ತದೆ.

ಸಾಹೇಬರು ಹೋದ ಮೇಲೆ ಬಂದ ಇಲಾಖೆಯ ಜನ ಬಾಗಿಲು ತಟ್ಟಲಿಲ್ಲ. ಬಾಗಿಲನ್ನೇ ಕಿತ್ತುಕೊಂಡು ಹೋದರು.

ಬಂಡೆಗೆ ಒಂದು ನೋಟೀಸು ಅಂಟಿಸಿದರು. ಅದರಲ್ಲಿ ನಮ್ಮ ಹೆಸರು ಅತಿಕ್ರಮಣದಾರರು. ನಾನು ಓದಿ ಹೇಳಿದಾಗ ಮಾವ, "ಬಿರುದು ಚೆನ್ನಾಗಿದೆ, ಕೊರೆಯೋಕೆ ಸ್ವಲ್ಪ ಉದ್ದ ಆಯ್ತು" ಎಂದ. ಬಂಡೆ ಸಿಡಿಸುವ ಮದ್ದಿಗೆ ಗುಡ್ಡದ ಚಿತ್ರಗಳು ಅದುರಬಾರದೆಂದು ಕ್ವಾರಿಯನ್ನೂ ಮುಚ್ಚಿಸಿದರು. ಅದು ಸರಿಯೇ, ನಾನೂ ಒಪ್ಪುತ್ತೇನೆ. ಆದರೆ ಕ್ವಾರಿ ಮುಚ್ಚಿದ ಮೇಲೆ ಊರಲ್ಲಿ ಉಳಿದ ಕೆಲಸ ಒಂದೇ, ಇಲಾಖೆಯ ಕೆಲಸ. ಅದನ್ನು ಗುತ್ತಿಗೆ ಹಿಡಿದವನು ಅದೇ ಹಳೆ ಕಂಟ್ರಾಕ್ಟರು. ಹೀಗಾಗಿ ನಮ್ಮ ಮನೆ ಕೆಡವುವ ಕೂಲಿ ನಮಗೇ ಸಿಕ್ಕಿತು.

ಅಪ್ಪ ಕಟ್ಟಿದ ಗೋಡೆಯನ್ನು ಮಾವ ಹಾರೆ ಹಾಕಿ ಎಬ್ಬಿಸಿದ. ಕಲ್ಲುಗಳನ್ನು ಅಮ್ಮ ತಲೆಯ ಮೇಲೆ ಹೊತ್ತು ಕೆಳಗೆ ಸುರಿದು ಬಂದಳು. ಒಲೆಯ ಹಿಂದಿನ ಕಲ್ಲು ಇನ್ನೂ ಮಸಿಯಾಗಿತ್ತು. ಅವಳ ಕತ್ತಿನ ಮೇಲೆಲ್ಲ ಮಸಿ ಇಳಿಯಿತು. ಗೋಡೆಯ ಬುಡ ಕಿತ್ತಾಗ ಅದರಡಿ ಮಣ್ಣಲ್ಲಿ ಇನ್ನೊಂದು ಸಾಲು ಕಲ್ಲು ಕಂಡಿತು. ಅದೇ ಅಳತೆಯ ಕಲ್ಲು, ಅದೇ ಬಾಗು, ಮುಂದುಗಡೆ ಅದೇ ಜಾಗದಲ್ಲಿ. ಸಾಹೇಬರು ಓಡಿ ಬಂದು ಮೊಣಕಾಲೂರಿದರು.

"ಯಾರೂ ಮುಟ್ಟಬೇಡಿ," ಎಂದರು. "ಇದು ಅವರು ಕಟ್ಟಿದ ಗೋಡೆ."

ಸುತ್ತ ಹಗ್ಗ ಬಂತು. ಬ್ರಷ್ಷು ಹಿಡಿದ ಹುಡುಗರು ಬಂದು ಆ ಕಲ್ಲುಗಳ ಧೂಳನ್ನು ಮಗುವಿನ ಕಿವಿ ಒರೆಸುವ ಹಾಗೆ ಒರೆಸಿದರು. ಅಪ್ಪನ ಕಲ್ಲುಗಳು ಕೆಳಗೆ ರಸ್ತೆಯ ಗುಂಡಿಗೆ ಬಿದ್ದಿದ್ದವು. ಮೇಲಿನದು ಕಸ, ಕೆಳಗಿನದು ಚರಿತ್ರೆ. ಮಾವ ಹಾರೆಗೆ ಗದ್ದ ಊರಿ ನಿಂತಿದ್ದ.

"ಭಾವ ಸ್ವಲ್ಪ ಅವಸರ ಮಾಡ್ಕೊಂಡ," ಎಂದ. "ಇನ್ನೊಂದಷ್ಟು ಸಾವಿರ ವರ್ಷ ಮುಂಚೆ ಕಟ್ಟಿದ್ರೆ ಆಗ್ತಿತ್ತು."

ನಮ್ಮನ್ನು ಕ್ರಷರಿನ ಅಂಗಳಕ್ಕೆ ಓಡಿಸಿದರು. ಅಲ್ಲಿ ಟಾರ್ಪಾಲಿನ ಕೆಳಗೆ ವಾಸ. ಪಕ್ಕದಲ್ಲೇ ಹೊರಗಿನ ಕಲ್ಲು ತಂದು ಜಲ್ಲಿ ಮಾಡುವ ಯಂತ್ರ. ಬೆಳಗಾದರೆ ಅನ್ನದ ಮೇಲೆ, ನೀರಿನ ಮೇಲೆ, ರೆಪ್ಪೆಯ ಮೇಲೆ ಬಿಳಿ ಪುಡಿ. ಸ್ವಲ್ಪ ದಿನಕ್ಕೆ ಅಮ್ಮನಿಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಕೊನೆಯಲ್ಲಿ ಒಂದು ಸೀಟಿ. ಆ ಸೀಟಿ ನನಗೆ ಗೊತ್ತು. ಅಪ್ಪನ ಎದೆಯಿಂದ ಬರುತ್ತಿದ್ದದ್ದು ಅದೇ. ಅಮ್ಮನಿಗೂ ಗೊತ್ತು. ಅದಕ್ಕೇ ನನ್ನ ಕಡೆ ಬೆನ್ನು ಹಾಕಿ ಕೆಮ್ಮುತ್ತಿದ್ದಳು.

ಮನೆ ಕಳೆದುಕೊಂಡವರಿಗೆ ಕಾಲೋನಿಯಲ್ಲಿ ಮನೆ ಕೊಡುತ್ತಾರೆ ಎಂದು ಗೊತ್ತಾಗಿ ಕಚೇರಿಗೆ ಹೋದೆವು. ಸಾಲಿನಲ್ಲಿ ನಿಂತು ಕಿಟಕಿ ಮುಟ್ಟಿದೆವು. ಗುಮಾಸ್ತ ಒಂದು ಡಬ್ಬಿ ಮುಂದೆ ತಳ್ಳಿ ಹೆಬ್ಬೆರಳು ಇಡು ಎಂದ. ಅಮ್ಮ ಇಟ್ಟಳು. ಕೆಂಪು ದೀಪ. ಒರೆಸಿ ಇಟ್ಟಳು. ಕೆಂಪು ದೀಪ. ಬೇರೆ ಬೆರಳು, ಬೇರೆ ಕೈ, ಎಲ್ಲದಕ್ಕೂ ಕೆಂಪು.

"ಬೆರಳಲ್ಲಿ ಗೆರೆಯೇ ಇಲ್ಲವಲ್ಲ ನಿನಗೆ," ಎಂದ ಗುಮಾಸ್ತ.

"ಸವೆದಿದೆ ಸಾರ್. ನಿಮ್ಮ ಕಚೇರಿ ಬಾಗಿಲ ಹತ್ರ ನಾನು ಉಜ್ಜಿದ ಅಡಿಗಲ್ಲಿದೆಯಲ್ಲ, ಅದರಲ್ಲಿ ಸ್ವಲ್ಪ ಸೇರ್ಕೊಂಡಿರುತ್ತೆ ನೋಡಿ," ಎಂದಳು ಅಮ್ಮ.

ಅವನಿಗೆ ತಮಾಷೆ ಹತ್ತಲಿಲ್ಲ. "ಸರಿ, ಮನೆಗೆ ಬಾಗಿಲಿತ್ತಾ?"

"ಇತ್ತು."

"ಗೋಡೆ?"

"ಇತ್ತು. ನಾವೇ ಕೆಡವಿದ್ವಿ."

"ಸೂರು?"

"ಬಂಡೆ."

"ಯಾರು ಕಟ್ಟಿದ್ದು?"

ಅಮ್ಮ ನನ್ನ ಮುಖ ನೋಡಿದಳು. "ಬಂಡೆಯನ್ನ ಯಾರು ಕಟ್ತಾರೆ ಸಾರ್?"

"ಅಷ್ಟೇ ಮತ್ತೆ. ಸೂರು ಕಟ್ಟಿದ್ದಾಗಿರಬೇಕು. ಕಟ್ಟದ ಸೂರಿನ ಕೆಳಗೆ ಇದ್ರೆ ಅದು ಮನೆ ಅಲ್ಲ, ತಂಗಿದ್ದ ಜಾಗ. ತಂಗಿದ್ದ ಜಾಗಕ್ಕೆ ಮನೆ ಕೊಡೋಕೆ ಬರಲ್ಲ. ಮುಂದೆ ಯಾರಪ್ಪ?"

ಒಳಗಿನ ಮೇಜಿನ ಮುಂದೆ, ಬೇಲಿಯ ಕಾಗದಪತ್ರಕ್ಕೆ ಬಂದಿದ್ದ ಕನ್ನಡಕದ ಸಾಹೇಬರು ಕೂತಿದ್ದರು. ನಾನು ಕಿಟಕಿಯೊಳಗೆ ತಲೆ ತೂರಿಸಿದೆ.

"ಸಾರ್, ನೀವೇ ಹೇಳಿ. ಮನೆ ಅಂದಿದ್ರಲ್ಲ."

ಅವರು ಎದ್ದು ಬಂದರು. ಮುಖದಲ್ಲಿ ಕರುಣೆ ಇತ್ತು. ಆ ಕರುಣೆಯೇ ನನಗೆ ಸೇರಲಿಲ್ಲ. "ಅವರ ವಿಷಯ ಬೇರೆಯಮ್ಮ. ಇದು ನಿಯಮ."

"ಅವರ ಸೂರು ಅವರು ಕಟ್ಟಿದ್ರಾ ಸಾರ್?"

"ನಿನ್ನ ಮಗಳಿಗೆ ಬಾಯಿ ಜೋರು," ಎಂದ ಗುಮಾಸ್ತ.

"ಉಳಿ ಅವಳಪ್ಪನದ್ದು," ಎಂದಳು ಅಮ್ಮ. "ಬಾಯಿಯೂ ಅವನದ್ದೇ." ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಹೊರಗೆ ಮೆಟ್ಟಿಲ ಮೇಲೆ ಕೂತು ಕೆಮ್ಮಿದಳು. ಕೆಮ್ಮಿ ಮುಗಿಸಿ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. "ನಮ್ಮ ಸೂರಿನಲ್ಲಿರೋ ಕೈ ಇಷ್ಟು ವರ್ಷ ಆದ್ರೂ ಅಳಿಸಿಲ್ಲ. ನಂದು ಇದ್ದಾಗಲೇ ಅಳಿಸಿ ಹೋಯ್ತು ನೋಡೇ," ಎಂದಳು. ನಗುತ್ತಲೇ ಹೇಳಿದಳು.

ಬೇಲಿ ಹಾಕುವ ಕೆಲಸ ಬಂತು. ಕಬ್ಬಿಣದ ಕಂಬಗಳನ್ನು ಹೆಗಲ ಮೇಲಿಟ್ಟು ಗುಡ್ಡ ಹತ್ತಿಸಿದೆವು. ಬಿಸಿಲಿಗೆ ಕಂಬ ಕಾದು ಮಾವನ ಹೆಗಲ ಚರ್ಮ ಸುಲಿದು ಬಂತು. ಸಿಮೆಂಟು ಅಮ್ಮನ ತಲೆಯ ಮೇಲೆ. ನಮ್ಮನ್ನು ಹೊರಗಿಡುವ ಬೇಲಿಯ ಗುಂಡಿಯನ್ನು ನಾವೇ ತೋಡಿ, ಕಂಬ ಅಲ್ಲಾಡಿದರೆ ನಾವೇ ಬೈಸಿಕೊಂಡು, ಗಟ್ಟಿ ಮಾಡಿದೆವು. ಬಂಡೆಯ ಬಾಯಿಗೆ ಕಬ್ಬಿಣದ ಜಾಲರಿ ಬಾಗಿಲು ಬಂತು. ಅದಕ್ಕೆ ದೊಡ್ಡ ಬೀಗ.

ಆಮೇಲೆ ಪ್ಲಾಸ್ಟರ್ ಹೆಂಗಸು ಬಂದಳು. ಬರೀ ತೊಗಲು ಉಟ್ಟ, ತಲೆ ಕೆದರಿದ ಆಳೆತ್ತರದ ಗೊಂಬೆ. ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಕೈಯಲ್ಲಿ ಕಟ್ಟಿಗೆ. ಲಾರಿ ಗುಡ್ಡ ಹತ್ತುವುದಿಲ್ಲ. ಗೊಂಬೆ ಮುರಿಯಬಾರದು, ಹುಷಾರಾಗಿ ಹೊರುವವರು ಬೇಕು ಎಂದ ಕಂಟ್ರಾಕ್ಟರು. ಅಮ್ಮ ಬೆನ್ನು ಕೊಟ್ಟಳು. ಹಗ್ಗ ಹಾಕಿ ಕಟ್ಟಿದೆವು. ಅಮ್ಮ ಬಾಗಿ, ಕೆಮ್ಮುತ್ತ, ನಿಂತು ನಿಂತು ಏರಿದಳು. ಹಿಂದಿನಿಂದ ನೋಡಿದರೆ ಆ ಹೆಂಗಸೇ ಅಮ್ಮನ ಮೇಲೆ ಸವಾರಿ ಮಾಡಿದ ಹಾಗೆ. ಮೇಲೆ ಇಳಿಸಿ, ಸಾಹೇಬರು ತೋರಿಸಿದ ಜಾಗದಲ್ಲಿ ಕೂರಿಸಿದೆವು. ಅದು ನಮ್ಮ ಒಲೆಯ ಜಾಗ.

ಅಮ್ಮ ಬೆವರು ಒರೆಸಿಕೊಂಡು ಅವಳನ್ನೇ ನೋಡಿದಳು. "ಅದೃಷ್ಟವಂತೆ ಕಣೇ ನೀನು. ಉಣ್ಣಲ್ಲ, ಉಡಲ್ಲ, ಕೆಮ್ಮಲ್ಲ. ಮನೆ ಮಾತ್ರ ನಿಂಗೆ."

ಕೊನೆಗೆ ಉಳಿದದ್ದು ಚಪ್ಪಡಿ. ಬಂಡೆಯ ಮುಂದೆ ನೆಡಲು ಒಂದು ಕಲ್ಲು, ಅದರ ಮೇಲೆ ಅಕ್ಷರ. ಅಚ್ಚು ಹಾಕಿದ ಬೋರ್ಡು ಬೇಡ, ಕಲ್ಲಿಗೆ ಕಲ್ಲೇ ಚೆಂದ ಎಂದಿದ್ದರಂತೆ ಸಾಹೇಬರು. ಹೀಗಾಗಿ ನನಗೆ ಕರೆ ಬಂತು. ಕಂಟ್ರಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಕೆಲಸ ಚೆನ್ನಾಗಿ ಮುಗಿದರೆ ಕಾವಲುಗಾರನ ನೌಕರಿ ನಿನಗೇ, ಬೀಗದ ಕೈ ನಿನ್ನ ಹತ್ರವೇ ಎಂದ. ಮಾವ ಅವತ್ತಿಂದ ಕುಡಿಯುವುದು ಬಿಟ್ಟ. ತಿಂಗಳ ಸಂಬಳ ಬಂದರೆ ಊರೊಳಗೆ ಒಂದು ಕೋಣೆ ಹಿಡಿಯಬಹುದು, ಅಕ್ಕನನ್ನು ಧೂಳಿನಿಂದ ಎತ್ತಬಹುದು ಎನ್ನುತ್ತಿದ್ದ.

ಸಾಹೇಬರು ಕಾಗದ ಹಿಡಿದು ನಿಂತರು. ನಮ್ಮ ರೀತಿ ಹೇಳಿದೆ. ಅವರಿಗೆ ಅದು ಇಷ್ಟವಾಯಿತು. ನಾನು ಕೆಂಪು ದಾರ ಎಳೆದು ಗೆರೆ ಹೊಡೆದುಕೊಂಡೆ.

"ಇದು," ಎಂದರು. ಕೊರೆದೆ.

"ಆದಿಮಾನವರ." ಕೊರೆದೆ. ಉದ್ದದ ಪದ, ಒಂದು ಹಗಲು ಹಿಡಿಯಿತು. ನನ್ನ ಹಿಂದೆಯೇ ಅಮ್ಮ ಕೂತು ಒಂದೊಂದೇ ಅಕ್ಷರವನ್ನು ಬೆರಳಿಂದ ಉಜ್ಜುತ್ತ ಬಂದಳು. ಕೆಮ್ಮಿದಾಗ ಮಾತ್ರ ಬೆರಳು ನಿಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಮುಂದಿನ ಪದ ಹೇಳಿದರು. "ಮನೆ."

ನಾನು ಉಳಿ ಇಟ್ಟೆ. ಸುತ್ತಿಗೆ ಎತ್ತಿದೆ. ಕೈ ಇಳಿಯಲಿಲ್ಲ. ಇಳಿಸಬಾರದು ಎಂದು ನಾನು ಮೊದಲೇ ಅಂದುಕೊಂಡಿರಲಿಲ್ಲ. ಪಕ್ಕದಲ್ಲಿ ಅಮ್ಮನ ಎದೆಯ ಸೀಟಿ ಕೇಳಿಸುತ್ತಿತ್ತು, ಅಷ್ಟೇ.

"ಕಾಗದ ನೋಡ್ಕೊಂಡು ಹೇಳಿದ್ರಿ ಸಾರ್. ಇದೊಂದು ಪದ ಅಮ್ಮನ ಮುಖ ನೋಡಿ ಹೇಳಿ."

"ಏನು ತಮಾಷೆ ಇದು?"

"ತಮಾಷೆ ಅಲ್ಲ. ಈ ಬಂಡೆ ತೋರಿಸಿ, ಇವಳ ಮುಖ ನೋಡಿ, ಇದು ಮನೆ ಅಂತ ಹೇಳಿ. ಕೊರೀತೀನಿ."

ಸಾಹೇಬರು ಅಮ್ಮನ ಕಡೆ ತಿರುಗಿದರು. ಅಮ್ಮ ತಲೆ ಎತ್ತಿದಳು. ಅವಳ ತೋರುಬೆರಳು ಇನ್ನೂ "ರ" ಅಕ್ಷರದ ಒಳಗೇ ಇತ್ತು. ಸಾಹೇಬರು ಕಣ್ಣನ್ನು ಮತ್ತೆ ಕಾಗದಕ್ಕೆ ಇಳಿಸಿದರು.

"ಹಾಗೆ ಹೇಳೋ ಅಧಿಕಾರ ನನಗಿಲ್ಲಮ್ಮ. ನಾನು ಹೇಳಿದ್ರೆ ನಾಳೆ ನೀವು ಕಚೇರಿಗೆ ಹೋಗ್ತೀರಿ, ಸಾಹೇಬರೇ ಹೇಳಿದ್ರು ಅಂತೀರಿ."

"ಹೂಂ, ಅಂತೀವಿ."

"ಹಾಗಾಗಲ್ಲ."

"ಹಾಗಾದ್ರೆ ನಾನು ಕೊರೆಯೋದೂ ಆಗಲ್ಲ."

ಕಂಟ್ರಾಕ್ಟರು ಬೈದ. ನನ್ನನ್ನು, ಅಮ್ಮನನ್ನು, ಸತ್ತ ಅಪ್ಪನನ್ನು. ನಾನು ಕೇಳಿಸಿಕೊಂಡೆ. ಎರಡಕ್ಷರದ ಜಾಗ ಹಾಗೇ ಬಿಟ್ಟು, ಮುಂದಿನದು ಹೇಳಿ ಸಾರ್ ಎಂದೆ. ಅವರು ಕಾಗದ ನೋಡಿಕೊಂಡೇ ಹೇಳಿದರು. "ಇಲ್ಲಿ ಅವರು ಬಾಳಿದರು." ಅದನ್ನು ಕೊರೆದುಕೊಟ್ಟೆ. ಚಪ್ಪಡಿಯ ನಡುವೆ ಆ ಜಾಗ ಬಿದ್ದ ಹಲ್ಲಿನ ಹಾಗೆ ಬರಿದಾಗಿತ್ತು.

ಮಾವ ಟಾರ್ಪಾಲಿನ ಕೆಳಗೆ ನನ್ನ ಮೇಲೆ ಹಾರಿಬಿದ್ದ. "ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ. ಎರಡಕ್ಷರ. ಎರಡೇ ಎರಡಕ್ಷರ. ಕೊರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಎರಡೇ ಅಕ್ಷರ ಅಲ್ವಾ, ಅವರು ಹೇಳಬಹುದಿತ್ತಲ್ಲ."

"ಅಕ್ಕನ ಎದೆ ಕೇಳಿಸ್ತಿಲ್ವಾ ನಿಂಗೆ?"

"ಕೇಳಿಸ್ತಿದೆ. ಅದಕ್ಕೇ."

ಮಾರನೇ ದಿನ ಕಂಟ್ರಾಕ್ಟರು ಮಾವನ ಕೈಗೇ ಉಳಿ ಕೊಟ್ಟ. ಮಾವನಿಗೂ ಒಂದೆರಡು ಅಕ್ಷರ ಮೂಡಿಸುವಷ್ಟು ಬರುತ್ತದೆ. ಚಪ್ಪಡಿಯ ಮುಂದೆ ಕೂತ. ಬರಿದು ಜಾಗದ ಮೇಲೆ ಉಳಿ ಇಟ್ಟ. ತೆಗೆದ. ಇನ್ನೊಮ್ಮೆ ಇಟ್ಟ.

"ಅಕ್ಕಾ," ಎಂದ, ತಲೆ ಎತ್ತದೆ. "ಕೊರೀಲೇನೇ?"

"ಆ ಪದ ನಿನಗೆ ಹೇಳ್ದೋರು ಯಾರೋ?" ಎಂದಳು ಅಮ್ಮ. ಅಷ್ಟೇ ಹೇಳಿದ್ದು. ಬೈಗುಳವೂ ಅಲ್ಲ, ಬೇಡವೆಂದೂ ಅಲ್ಲ.

ಮಾವ ಉಳಿಯನ್ನು ಕಲ್ಲಿನ ಮೇಲೆ ಮಲಗಿಸಿ ಎದ್ದು ಬಂದ. ಕಾವಲುಗಾರನ ನೌಕರಿ ಅಲ್ಲೇ ಹೋಯಿತು. ಹೊಸಬ ಬರುವ ತನಕ, ಉದ್ಘಾಟನೆಯ ದಿನ ಮುಗಿಯುವ ಮಟ್ಟಿಗೆ ಮಾತ್ರ ಬೀಗದ ಕೈ ಅವನ ಹತ್ತಿರ ಇರಲಿ ಎಂದರು. ಆ ಜಾಲರಿ ಬಾಗಿಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ಬೇರೆ ಅಕ್ಷರದವರನ್ನು ಹುಡುಕಲು ಹೊತ್ತಿರಲಿಲ್ಲ. ಕಂಟ್ರಾಕ್ಟರು ಕಪ್ಪು ಪೇಂಟು ತಂದು ಎಲ್ಲ ಅಕ್ಷರಗಳ ಒಳಗೂ ತುಂಬಿಸಿದ. ಬರಿದು ಜಾಗದಲ್ಲಿ ಕುಂಚದಿಂದಲೇ ಮನೆ ಎಂದು ಬರೆಸಿದ. ದೂರದಿಂದ ನೋಡಿದರೆ ಎಲ್ಲ ಒಂದೇ.

ಉದ್ಘಾಟನೆಗೆ ಸಾಹೇಬರಿಗೂ ಮೇಲಿನ ಅಧಿಕಾರಿ, ದೊಡ್ಡ ಮೇಡಂ ಬಂದರು. ಕೆಳಗಿನಿಂದ ಕುರ್ಚಿಗಳನ್ನು ಹೊತ್ತು ತಂದದ್ದು ನಾವೇ. ತಂದ ಮೇಲೆ ಬೇಲಿಯ ಹತ್ತಿರ ನಿಲ್ಲಿ, ಫೋಟೋದಲ್ಲಿ ಬೀಳಬೇಡಿ ಎಂದರು. ಮೈಕು, ಮಾತು, ಚಪ್ಪಾಳೆ. ಮೇಡಂ ಚಪ್ಪಡಿಯ ಮೇಲಿನ ಬಟ್ಟೆ ಸರಿಸಿದರು. ಕ್ಯಾಮೆರಾಗಳು ಮುಂದಕ್ಕೆ ನುಗ್ಗಿದವು.

ಆಗ ಅಮ್ಮ ನಡೆದಳು. ಕೈಯಲ್ಲಿ ಒದ್ದೆ ಬಟ್ಟೆ. ಧೂಳು ಒರೆಸಲು ಕಳಿಸಿದ್ದಾರೆ ಎಂದು ಎಲ್ಲರೂ ದಾರಿ ಬಿಟ್ಟರು. ಒರೆಸುವ ಬಟ್ಟೆ ಹಿಡಿದವರನ್ನು ಯಾರು ತಡೆಯುತ್ತಾರೆ. ಅವಳು ಚಪ್ಪಡಿಯ ಮುಂದೆ ಕೂತಳು. ಬಟ್ಟೆ ಪಕ್ಕಕ್ಕಿಟ್ಟಳು. ತೋರುಬೆರಳು ಮೊದಲ ಅಕ್ಷರಕ್ಕೆ ಇಳಿಸಿದಳು.

"ಇ. ದು." ನಿಧಾನವಾಗಿ ಓದಿದಳು, ಜೋರಾಗಿ. "ಆ. ದಿ. ಮಾ. ನ. ವ. ರ."

ಬೆರಳು ಮುಂದೆ ಸರಿಯಿತು. ಪೇಂಟಿನ ಮೇಲೆ ಆ ಕಡೆ ಈ ಕಡೆ ಓಡಾಡಿತು. ಅಮ್ಮ ತಲೆ ಎತ್ತಿದಳು.

"ಇಲ್ಲಿ ನನ್ನ ಬೆರಳಿಗೆ ಏನೂ ಸಿಕ್ತಿಲ್ಲ ತಾಯಿ. ಏನಂತ ಇದೆ?"

ಮೇಡಂ ಕೆಟ್ಟವರಲ್ಲ. ಬಾಗಿದರು. ಮೈಕು ಕೈಯಲ್ಲೇ ಇತ್ತು. "ಮನೆ ಅಂತ ಇದೆಯಮ್ಮ."

"ಕ್ವಾರಿ ಮದ್ದಿನ ಸದ್ದಿಗೆ ಕಿವಿ ಮಂದ ಆಗಿದೆ. ಇನ್ನೊಂದ್ಸಲ."

"ಮನೆ," ಎಂದರು ಮೇಡಂ. ಮೈಕಿನಿಂದ ಹೋದ ಮಾತು ಬಂಡೆಗೆ ಬಡಿದು ತಿರುಗಿ ಬಂತು. ಬಂಡೆಯೂ ಮನೆ ಎಂದಿತು.

"ಯಾವುದು ತಾಯಿ? ಇದಾ?" ಅಮ್ಮ ಬಂಡೆಯ ಕಡೆ ಕೈ ತೋರಿಸಿದಳು.

ಕನ್ನಡಕದ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಮೇಡಂ ಅಮ್ಮನ ಮುಖವನ್ನೇ ನೋಡುತ್ತ ನಗುತ್ತಿದ್ದರು. "ಹೌದಮ್ಮ, ಇದೇ. ಇದು ಮನೆ."

"ಆಯ್ತು," ಎಂದಳು ಅಮ್ಮ. ಮೊಣಕಾಲಿಗೆ ಕೈಯೂರಿ ಎದ್ದಳು. "ಹಾಗಾದ್ರೆ ನಾನು ಒಳಗೆ ಹೋಗ್ತೀನಿ. ತುಂಬ ದಿನ ಆಯ್ತು."

ಅವಳು ಹೋದಳು. ತೆರೆದಿದ್ದ ಜಾಲರಿ ಬಾಗಿಲು ದಾಟಿದಳು, ಹಗ್ಗ ದಾಟಿದಳು. ಹಳೆ ಗೋಡೆಯ ಕಲ್ಲು ತುಳಿಯದೆ, ಹುಷಾರಾಗಿ ಕಾಲಿಟ್ಟು ದಾಟಿದಳು. ಪ್ಲಾಸ್ಟರ್ ಹೆಂಗಸಿನ ಭುಜ ಹಿಡಿದು, "ಸ್ವಲ್ಪ ಸರಿಯೇ" ಎಂದು ಪಕ್ಕಕ್ಕೆ ಜರುಗಿಸಿ, ತನ್ನ ಒಲೆಯ ಜಾಗದಲ್ಲಿ ಕೂತಳು. ಮೇಲೆ ನೋಡಿದಳು. ಮಾಲೀಕರಿಗೆ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ.

ಕಂಟ್ರಾಕ್ಟರು ಓಡಿದ. ಅವನಿಗಿಂತ ಮೊದಲು ಮಾವ ಓಡಿದ. ಜಾಲರಿಯ ಒಳಗೆ ನುಗ್ಗಿ, ಬಾಗಿಲು ಎಳೆದು, ಕೈ ಹೊರಗೆ ಹಾಕಿ ಬೀಗ ಜಡಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಕ್ಕನ ಪಕ್ಕ ಕೂತ.

"ಬಾಗಿಲು ತೆಗೆಯೋ ಕತ್ತೆ."

"ಇವತ್ತು ಕಾವಲುಗಾರ ನಾನೇ ಅಲ್ವಾ," ಎಂದ ಮಾವ. "ಮನೆಯೋರನ್ನ ಬಿಟ್ಟು ಬೇರೆ ಯಾರನ್ನೂ ಬಿಡಬಾರದು ಅಂತ ನೀವೇ ಹೇಳಿದ್ದು."

ಕುರ್ಚಿಗಳು ಉರುಳಿದವು. ಮೇಡಂ ಏನಾಯಿತು ಎಂದು ಸಾಹೇಬರನ್ನು ಕೇಳುತ್ತಿದ್ದರು, ಸಾಹೇಬರು ಏನೋ ಹೇಳುತ್ತಿದ್ದರು. ಯಾರೋ ಪೊಲೀಸರಿಗೆ ಫೋನು ಮಾಡಿದರು. ನನ್ನನ್ನು ಯಾರೂ ನೋಡಲಿಲ್ಲ. ನಾನು ಉಳಿ ಸುತ್ತಿಗೆ ತೆಗೆದುಕೊಂಡು ಚಪ್ಪಡಿಯ ಮುಂದೆ ಕೂತೆ. ಪೇಂಟಿನ ಮೇಲೆ ಉಳಿ ಇಟ್ಟೆ. ಮೊದಲ ಏಟಿಗೆ ಕಪ್ಪು ಚಕ್ಕೆ ಎದ್ದು ಹಾರಿತು. ಕೆಳಗೆ ಬಿಳಿ ಕಲ್ಲು.

ಕನ್ನಡಕದ ಸಾಹೇಬರು ನನ್ನ ಹಿಂದೆ ಬಂದು ನಿಂತರು. "ಬೇಡಮ್ಮ," ಎಂದರು. "ಕೇಸಾಗುತ್ತೆ."

"ಬೇಕು ಅಂದಿದ್ದು ನೀವೇ ಅಲ್ವಾ ಸಾರ್? ಈಗ ಹೇಳಿದ್ದಾರೆ. ಅಮ್ಮನ ಮುಖ ನೋಡಿ ಹೇಳಿದ್ದಾರೆ. ಹೇಳಿದ್ದನ್ನ ಕೊರೆಯದೆ ಬಿಡೋ ಹಾಗಿಲ್ಲ. ನಮ್ಮ ಕೆಲಸದ ರೀತಿ."

ಅವರು ನನ್ನ ಕೈ ಹಿಡಿಯಲಿಲ್ಲ. ಅಲ್ಲಿಂದ ಹೋಗಲೂ ಇಲ್ಲ. ಅವರ ನೆರಳು ಕಲ್ಲಿನ ಮೇಲೆ ಬಿದ್ದಿತ್ತು. ಪಕ್ಕಕ್ಕೆ ಸರೀರಿ ಸಾರ್ ಎಂದೆ. ಸರಿದರು.

ಮೊದಲ ಅಕ್ಷರ ಮುಗಿಯಿತು. ಗುಡ್ಡದ ಕೆಳಗೆ ಜೀಪು ನಿಂತ ಸದ್ದು. ಬೂಟುಗಳು ಮೇಲೆ ಹತ್ತುತ್ತಿವೆ. ಇನ್ನೊಂದು ಅಕ್ಷರ ಇದೆ. ಬೆವರು ಕಣ್ಣಿಗಿಳಿಯುತ್ತಿದೆ, ಒರೆಸಿಕೊಳ್ಳಲು ಹೊತ್ತಿಲ್ಲ. ಜಾಲರಿಯ ಒಳಗಿನಿಂದ ಅಮ್ಮ ಕೂಗಿದಳು.

"ಏ ಚಟಪಟ, ಆಳಕ್ಕೆ ಹೊಡಿಯೇ. ನನ್ನ ಬೆರಳಿಗೆ ಸಿಗಬೇಕು."